ಜ್ವರದ ದಿನದ ಕೂಲಿ



2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ನಮ್ಮ ಜಿಲ್ಲೆಯವರಿಗೆ ವಿಮಾನ ಹತ್ತಿರದ ವಸ್ತುವಾಗಿದೆ. ಅದನ್ನು ನಡೆಸುವವರ ಬಗೆಗಿನ ನಿಯಮವೊಂದನ್ನು ಈ ತಿಂಗಳು ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ತನ್ನ ದೇಹಸ್ಥಿತಿ ಕುಂದಿದೆಯೆಂದು ಅರಿತ ಪೈಲಟ್ ವಿಮಾನ ನಡೆಸಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಇಲ್ಲಿ ಕಾಯಿಲೆಯ ರಜೆ ಯಜಮಾನನು ತೋರುವ ಕೃಪೆಯಲ್ಲ. ಹಿಂದೆ ಕುಳಿತ ನೂರಾರು ಜೀವಗಳ ರಕ್ಷಣೆ.

ಇದೇ ರಜೆ ಆಯುಧವಾಗುವುದೂ ಉಂಟು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಒಟ್ಟಾಗಿ ಕಾಯಿಲೆಯೆಂದು ತಿಳಿಸಿ ಕೆಲಸಕ್ಕೆ ಬಾರದಿರಲು, ಎಂಬತ್ತಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಸಂಸ್ಥೆ 25 ಮಂದಿಯನ್ನು ವಜಾ ಮಾಡಿತು. ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಸಂಧಾನದ ಬಳಿಕ ಮರಳಿ ಸೇರಿಸಿಕೊಂಡಿತು. ಅವರ ಅಹವಾಲಿನ ನ್ಯಾಯಾನ್ಯಾಯವೇನೇ ಇರಲಿ, ನಿಜವಾದ ರೋಗಿಯ ಮಾತನ್ನೂ ಸಂಶಯದಿಂದ ಕಾಣುವ ಸ್ಥಿತಿ ಇಂತಹ ಪ್ರಸಂಗಗಳಿಂದ ಹುಟ್ಟುತ್ತದೆ.

ಇನ್ನು ನಮ್ಮ ನೆಲಕ್ಕೆ ಇಳಿಯೋಣ. ರಾಜ್ಯ ಸರಕಾರಿ ನೌಕರನಿಗೆ ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆಯುಂಟು. ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನು 10 ದಿನಗಳ ಪೂರ್ಣವೇತನದ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು. ನರಸಾಪುರ, ಮಾಲೂರುಗಳ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿಗಳವರೆಗೆ ದುಡಿಯುವವರಿಗೆ ಇ.ಎಸ್.ಐ. ಇದೆ. ನೌಕರನ ಸಂಬಳದಿಂದ ನೂರಕ್ಕೆ ಮುಕ್ಕಾಲು ಪಾಲು, ಮಾಲೀಕನಿಂದ ಮೂರೂಕಾಲು ಪಾಲು ವಂತಿಗೆ ಸಲ್ಲುತ್ತದೆ. ನಿಗದಿತ ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಭಾಗ ದೊರೆಯುತ್ತದೆ. ಅಂಗಡಿ, ಹೋಟೆಲುಗಳ ನೌಕರರಿಗೆ 1961ರ ರಾಜ್ಯ ಕಾಯ್ದೆ ಕಾಯಿಲೆ ಮುಂತಾದ ಕಾರಣಗಳಿಗೆ ವರ್ಷದಲ್ಲಿ 12 ದಿನಗಳವರೆಗೆ ಸಂಬಳಸಹಿತ ರಜೆಯನ್ನು ವಿಧಿಸಿದೆ.

ಆದರೆ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸು ಹೊರುವ ಹಮಾಲಿ, ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ವಿಂಗಡಿಸುವ ತಾಯಿ, ಮಾಲೂರಿನ ಇಟ್ಟಿಗೆ ಗೂಡಿನ ಆಳು, ಇವರಿಗೆ ಯಾವ ರಜೆ? ಮಲಗಿದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ದಿನ ಔಷಧಕ್ಕೂ ಕಾಸಿಲ್ಲ. ಮುಳಬಾಗಿಲಿನಲ್ಲಿ ದೋಸೆ ಹುಯ್ಯುವ ಅಡಿಗೆಯವನು ಜ್ವರ ಮುಚ್ಚಿಟ್ಟು ಒಲೆಯ ಮುಂದೆ ನಿಂತರೆ ಅವನ ರೋಗ ಗಿರಾಕಿಗಳಿಗೂ ಹರಡೀತು. ಪೈಲಟ್‌ಗೆ ಹೇಳಿದ ನ್ಯಾಯ ಅವನಿಗೂ ಸಲ್ಲಬೇಡವೇ?

ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ಕಥೆ ನಮಗೆಲ್ಲ ತಿಳಿದದ್ದೇ. ಕಾಯಿಲೆಯಿಲ್ಲದೆ ಪಡೆದ ರಜೆ ಆ ಹೆಚ್ಚಿನ ಅಕ್ಕಿಯಂತೆ. ರೋಗಿಯ ಕೂಲಿಯನ್ನು ಉಳಿಸಿಕೊಂಡ ಯಜಮಾನನ ಗಲ್ಲದಲ್ಲಿರುವುದೂ ಅದೇ ಅಕ್ಕಿಯೇ. ಲಕ್ಕಮ್ಮನವರ ತಕ್ಕಡಿ ಇಬ್ಬರನ್ನೂ ತೂಗುತ್ತದೆ.

ನಮ್ಮ ಸಮಾಜದಲ್ಲಿ ಅಂಗಡಿ, ಮಂಡಿ, ತೋಟಗಳನ್ನು ನಡೆಸುವ ಮನೆತನಗಳು ಅನೇಕವಿವೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬ ಆಳಿನ ಹೆಸರಿನ ಮುಂದೆ ಹನ್ನೆರಡು ದಿನಗಳನ್ನು ಮೊದಲೇ ಬರೆದಿಡಿರಿ. ಕಾಯ್ದೆ ಅನ್ವಯಿಸುವ ಕಡೆ ಅದು ಕರ್ತವ್ಯ. ಅನ್ವಯಿಸದ ಕಡೆ ದಾಸೋಹ. ಒಂದೆರಡು ದಿನದ ಜ್ವರಕ್ಕೆ ಚೀಟಿ ಕೇಳದೆ ಮಾತನ್ನು ನಂಬಿರಿ. ನೌಕರಿಯಲ್ಲಿರುವ ತರುಣರೂ ಹಬ್ಬ, ಮದುವೆಗಳಿಗಾಗಿ ಸುಳ್ಳು ಚೀಟಿ ಬರೆಸುವುದನ್ನು ಬಿಡಲಿ.

ಕಾಯಕ ಪವಿತ್ರವಾದರೆ ಅದನ್ನು ಮಾಡುವ ಕಾಯವೂ ಪವಿತ್ರವೇ. ಅದು ಬಳಲಿದಾಗ ವಿಶ್ರಾಂತಿ ಕೊಡುವುದು ಕಾಯಕದ ಲೋಪವಲ್ಲ, ಅದರ ರಕ್ಷಣೆ.