ಆನೆಯ ಬೆಲೆ, ಮೇವಿನ ಬೆಲೆ

ಈ ವಾರದ ಅಂಚೆಯಲ್ಲಿ ಬಂದ ಕಾಗದಗಳ ಪೈಕಿ ಒಂದು ತೀರ ದೊಡ್ಡ ಆಸೆಯನ್ನು ಹೊತ್ತು ಬಂದಿದೆ. ಬರೆದ ಮಹನೀಯರು ಸಾಗರದ ಕಡೆಯವರು; ಉದ್ಯೋಗ ಬೆಂಗಳೂರಿನಲ್ಲಿ. ಊರಿನ ಅಡಕೆ ತೋಟ ಪಾಲಾದಾಗ ತಮ್ಮ ಪಾಲನ್ನು ಅಣ್ಣನವರಿಗೇ ಬಿಟ್ಟುಕೊಟ್ಟು 32 ಲಕ್ಷ ರೂಪಾಯಿ ಪಡೆದಿದ್ದಾರೆ. ಇತ್ತ 2008ರಲ್ಲಿ ತಯಾರಾದ ಬಿ.ಎಂ.ಡಬ್ಲ್ಯು. ಎಂ5 ಎಂಬ ಕಾರೊಂದು 24 ಲಕ್ಷಕ್ಕೆ ಮಾರಾಟಕ್ಕಿದೆ. ಕಾಲೇಜಿನ ದಿನಗಳಲ್ಲಿ ಅದರ ಚಿತ್ರವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದವರು ಇವರು. "ಹೊಸದನ್ನು ಕೊಳ್ಳುವ ಯೋಗ ಈ ಜನ್ಮದಲ್ಲಿಲ್ಲ. ಹಳೆಯದಾದರೂ ಕೈಗೆಟುಕುವಂತೆ ಬಂದು ನಿಂತಿದೆ. ಹಿಡಿಯಲೋ, ಬಿಡಲೋ?" ಎಂಬುದು ಅವರ ಪ್ರಶ್ನೆ.

ಇಂಥ ಆಸೆಯನ್ನು ನೋಡಿ ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಒಬ್ಬರಿಗೆ ವೀಣೆ, ಒಬ್ಬರಿಗೆ ರೇಷ್ಮೆ ಸೀರೆ, ಇನ್ನೊಬ್ಬರಿಗೆ ಊರಿನಲ್ಲೊಂದು ಮಹಡಿ ಮನೆ. ಇವರಿಗೆ ಒಂದು ಯಂತ್ರ. ಆ ಯಂತ್ರವೂ ಸಾಮಾನ್ಯದ್ದಲ್ಲ. ಮ್ಯೂನಿಕ್ ನಗರದ ಆ ಕಾರ್ಖಾನೆಯವರು ಫಾರ್ಮುಲಾ ಒನ್ ಪಂದ್ಯಗಳಿಗಾಗಿ ಹತ್ತು ಸಿಲಿಂಡರಿನ ಎಂಜಿನುಗಳನ್ನು ಕಟ್ಟಿಕೊಡುತ್ತಿದ್ದ ಕಾಲದಲ್ಲಿ, ಅದೇ ಉತ್ಸಾಹದಲ್ಲಿ, ನಾಲ್ಕು ಬಾಗಿಲಿನ ಸಂಸಾರಸ್ಥರ ಕಾರಿಗೂ ಹತ್ತು ಸಿಲಿಂಡರಿನ ಎಂಜಿನನ್ನು ಕೂಡಿಸಿದರು. ಐದು ಲೀಟರ್ ಗಾತ್ರ, 507 ಅಶ್ವಶಕ್ತಿ. ನಿಮಿಷಕ್ಕೆ 8,250 ಸುತ್ತುಗಳವರೆಗೆ ತಿರುಗಬಲ್ಲದು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಐದು ಸೆಕೆಂಡೂ ಬೇಡ. ಮೊದಲು ಚಾಲೂ ಮಾಡಿದಾಗ ಅದು 400 ಅಶ್ವಶಕ್ತಿಯನ್ನು ಮಾತ್ರ ತೋರಿಸುತ್ತದೆ. ಒಂದು ಗುಂಡಿಯನ್ನು ಒತ್ತಿದ ಮೇಲೆಯೇ ಉಳಿದ ನೂರು ಕುದುರೆಗಳು ಲಾಯದಿಂದ ಹೊರಬರುವುದು. 2010ರಲ್ಲಿ ಅದರ ತಯಾರಿಕೆ ನಿಂತಿತು. ಮುಂದಿನ ಎಂ5 ಎಂಟು ಸಿಲಿಂಡರಿಗೆ ಇಳಿಯಿತು. ಹತ್ತು ಸಿಲಿಂಡರಿನ ಎಂಜಿನು ಆ ಹೆಸರಿನ ಕಾರಿಗೆ ಮತ್ತೆ ಬರಲಿಲ್ಲ. ಅದರ ಧ್ವನಿಯನ್ನು ಒಮ್ಮೆ ಕೇಳಿದವರು ಮರೆಯುವುದು ಕಷ್ಟ.

ಹಾಗಾದರೆ ಇಂಥ ವಸ್ತು 24 ಲಕ್ಷಕ್ಕೆ ಏಕೆ ದೊರೆಯುತ್ತದೆ? ಹೊಸದಾಗಿದ್ದಾಗ ಅದಕ್ಕೆ ಹಲವು ಪಟ್ಟು ಬೆಲೆಯಿತ್ತು. ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಕೋಟಿವಂತನಿಗೆಂದು ಮಾಡಿದ ಗಾಡಿ ಮೂರನೆಯ ನಾಲ್ಕನೆಯ ಕೈಗೆ ಬರುವ ಹೊತ್ತಿಗೆ ಮಧ್ಯಮ ವರ್ಗದವರ ಬೆಲೆಗೆ ಸಿಗುತ್ತದೆ; ಆದರೆ ಅದರ ಬ್ರೇಕು, ಅದರ ಪಂಪು, ಅದರ ಟೈರು ಇವಾವುವೂ ತಮ್ಮ ಒಡೆಯ ಬದಲಾದನೆಂಬುದನ್ನು ಅರಿಯವು. ಆನೆಯನ್ನು ಅಗ್ಗದಲ್ಲಿ ಕೊಂಡೆನೆಂದು ಹಿಗ್ಗಿದವನಿಗೆ ಮೇವಿನಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಮಾರುವವರು 24 ಲಕ್ಷಕ್ಕೆ ಒಪ್ಪಿದ್ದಾರೆಂದರೆ, ಈ ಮೇವಿನ ಲೆಕ್ಕವನ್ನು ಅವರು ಮಾಡಿಯಾಗಿದೆ ಎಂದೇ ತಿಳಿಯಬೇಕು.

ಈ ಕಾರಿನ ಮೇವು ಯಾವುದೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಪಿಸ್ಟನ್ನುಗಳ ಏರಿಳಿತವನ್ನು ಕೆಳಗೆ ತಿರುಗುವ ದಂಡಕ್ಕೆ ಮುಟ್ಟಿಸುವವು ಕನೆಕ್ಟಿಂಗ್ ರಾಡುಗಳು. ಹತ್ತು ಸಿಲಿಂಡರಿಗೆ ಹತ್ತು ರಾಡು. ಪ್ರತಿಯೊಂದರ ಬುಡದಲ್ಲಿ ತೆಳುವಾದ ಎರಡು ಬೇರಿಂಗು ಚಿಪ್ಪುಗಳು. ಒಟ್ಟು ಇಪ್ಪತ್ತು. ಈ ಎಂಜಿನಿನಲ್ಲಿ ಇವು ಬೇಗ ಸವೆಯುತ್ತವೆಂಬುದು ಜಗತ್ತಿನ ಎಲ್ಲೆಡೆಯ ಒಡೆಯರಿಗೂ ಮೆಕ್ಯಾನಿಕ್ಕುಗಳಿಗೂ ತಿಳಿದ ಸಂಗತಿ. ಸವೆದದ್ದು ಹೊರಗೆ ಕಾಣುವುದಿಲ್ಲ. ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ. ಒಂದು ದಿನ ಅಡಿಯಿಂದ ಟಕಟಕ ಎಂಬ ಸದ್ದು ಕೇಳಿತೆಂದರೆ ಕಾಲ ಮೀರಿತೆಂದೇ ಅರ್ಥ: ತಿರುಗುವ ದಂಡಕ್ಕೆ ಗಾಯವಾಗಿರುತ್ತದೆ, ಕೆಲವೊಮ್ಮೆ ರಾಡು ಎಂಜಿನಿನ ಗೋಡೆಯನ್ನೇ ಒಡೆದುಕೊಂಡು ಹೊರಬರುತ್ತದೆ. ಆದುದರಿಂದ ತಿಳಿದವರು ಸದ್ದಿಗೆ ಕಾಯದೆ, ಮುಂಜಾಗ್ರತೆಗಾಗಿಯೇ ಆ ಇಪ್ಪತ್ತು ಚಿಪ್ಪುಗಳನ್ನೂ ಬದಲಾಯಿಸಿಬಿಡುತ್ತಾರೆ. ಚಿಪ್ಪುಗಳು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಅವನ್ನು ತಲುಪಬೇಕಾದರೆ ಮುಂಭಾಗದ ಅಡಿಕಟ್ಟನ್ನೇ ಇಳಿಸಿ, ಎಣ್ಣೆಯ ತೊಟ್ಟಿಯನ್ನು ಬಿಚ್ಚಬೇಕು. ಇದನ್ನು ಹಿಂದೆ ಮಾಡಿ ಪಳಗಿದ ಕೈಗಳು ನಮ್ಮ ದೇಶದಲ್ಲಿ ವಿರಳ.

ಇನ್ನು ಗೇರು ಪೆಟ್ಟಿಗೆ. ಇದರಲ್ಲಿ ಕ್ಲಚ್ಚಿನ ಪೆಡಲು ಇಲ್ಲ; ಆದರೆ ಕ್ಲಚ್ಚು ಮಾತ್ರ ಉಂಟು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಪಂಪೊಂದು ನಮ್ಮ ಎಡಗಾಲಿನ ಕೆಲಸವನ್ನು ತಾನು ಮಾಡುತ್ತದೆ. ಬಯಲು ರಸ್ತೆಯಲ್ಲಿ ಇದು ಬಹು ಸೊಗಸು. ಸಿಲ್ಕ್ ಬೋರ್ಡಿನ ವೃತ್ತದಲ್ಲಿ, ಮೂರು ಅಡಿ ಮುಂದೆ ಸರಿದು ನಿಂತು, ಮತ್ತೆ ಮೂರು ಅಡಿ ಸರಿಯುವಾಗ, ಪ್ರತಿ ಸರಿತಕ್ಕೂ ಆ ಕ್ಲಚ್ಚು ಉಜ್ಜಿ ಬಿಸಿಯಾಗುತ್ತದೆ. ಪಂಪೂ ಮುಪ್ಪಾಗುತ್ತದೆ. ಅದು ಕೈಕೊಟ್ಟಿತೆಂದರೆ ಗೇರು ಬೀಳದು. 507 ಕುದುರೆಗಳಿದ್ದರೂ ಗಾಡಿಯನ್ನು ಬೇರೊಂದು ಲಾರಿಯ ಬೆನ್ನ ಮೇಲೆ ಹೇರಿಕೊಂಡು ಹೋಗಬೇಕು. ಎಂಜಿನಿಗೆ ಗಾಳಿಯನ್ನು ಬಿಡುವ ಹತ್ತು ಬಾಗಿಲುಗಳುಂಟು. ಅವನ್ನು ತೆರೆದು ಮುಚ್ಚುವ ಎರಡು ವಿದ್ಯುತ್ ಮೋಟಾರುಗಳಿಗೂ ಹಲ್ಲು ಸವೆಯುವ ರೋಗವಿದೆ. ಹಿಂದಿನ ಟೈರುಗಳ ಅಗಲ 285 ಮಿಲಿಮೀಟರ್, ಗಾಲಿ 19 ಅಂಗುಲದ್ದು. ಅದರ ದರವನ್ನು ಅಂಗಡಿಯಲ್ಲಿ ಕೇಳುವ ಮುನ್ನ ಕುಳಿತುಕೊಳ್ಳುವುದು ಒಳಿತು.

ಪೆಟ್ರೋಲಿನ ಮಾತು. ಕಾರ್ಖಾನೆಯವರೇ ಹೇಳಿದ ಲೆಕ್ಕ ನೂರು ಕಿಲೋಮೀಟರಿಗೆ 14.8 ಲೀಟರು, ಎಂದರೆ ಲೀಟರಿಗೆ ಏಳು ಕಿಲೋಮೀಟರೂ ಇಲ್ಲ. ಅದು ಯೂರೋಪಿನ ಲೆಕ್ಕ. ಬೆಂಗಳೂರಿನ ದಟ್ಟಣೆಯಲ್ಲಿ ನಾಲ್ಕು ಎಂದು ಹಿಡಿಯೋಣ. ಮನೆಯಿಂದ ಕಚೇರಿಗೆ 22 ಕಿಲೋಮೀಟರು ಎಂದು ಪತ್ರದಲ್ಲಿದೆ. ತಿಂಗಳಿಗೆ 24 ದಿನ ಹೋಗಿಬಂದರೆ 1,056 ಕಿಲೋಮೀಟರು, 264 ಲೀಟರು. ಲೀಟರಿಗೆ ನೂರೇ ರೂಪಾಯಿ ಎಂದರೂ 26,400 ರೂಪಾಯಿ. ಮೇಲಾಗಿ ಈ ಎಂಜಿನು ಬೇಡುವುದು ಹೆಚ್ಚಿನ ಆಕ್ಟೇನಿನ, ಎಂದರೆ ಹೆಚ್ಚು ಬೆಲೆಯ ಪೆಟ್ರೋಲನ್ನು. ನಮ್ಮಲ್ಲಿ ಈಗ ಸಾಮಾನ್ಯ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲು ಬೆರೆಯುತ್ತಿದೆ. 2008ರ ಈ ಗಾಡಿಯನ್ನು ಅಂಥ ಮಿಶ್ರಣಕ್ಕಾಗಿ ರೂಪಿಸಿರಲಿಲ್ಲ.

ಕಾಗದ ಪತ್ರಗಳ ವಿಷಯವನ್ನು ನಮ್ಮ ಮಿತ್ರರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ: "ದೆಹಲಿಯ ನಂಬರು, ಉಳಿದದ್ದೆಲ್ಲ ಸರಿಯಾಗಿದೆಯಂತೆ." ನನ್ನ ಕಣ್ಣು ಈ "ಅಂತೆ"ಯ ಮೇಲೆಯೇ ನಿಂತಿತು. ಖಾಸಗಿ ಕಾರಿನ ಮೊದಲ ನೋಂದಣಿ ಹದಿನೈದು ವರ್ಷಕ್ಕೆ. 2008ರ ಗಾಡಿಗೆ ಆ ಅವಧಿ 2023ರಲ್ಲೇ ತುಂಬಿತು. ದೆಹಲಿಯ ಸುತ್ತಿನಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೂ ಹದಿನೈದು ಮೀರಿದ ಪೆಟ್ರೋಲ್ ಗಾಡಿಗಳಿಗೂ ವಿಧಿಸಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಅಲ್ಲಿನ ಹಳೆಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದುದಕ್ಕೆ ಅದೂ ಒಂದು ಕಾರಣ. ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಈ ಗಾಡಿ ನಿಮ್ಮ ಹೆಸರಿಗೆ ಬಾರದು. ಹೊರರಾಜ್ಯದ ವಾಹನ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಇಲ್ಲಿಯ ನಂಬರು ಪಡೆಯಲೇಬೇಕೆಂಬುದು ಕಾನೂನು; ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಆ ತೆರಿಗೆಯನ್ನು ಗೊತ್ತುಮಾಡುವಾಗ ನೋಡುವುದು ಗಾಡಿಯ ಮೂಲ ಬೆಲೆಯನ್ನೂ ವಯಸ್ಸನ್ನೂ. ನೀವು ಕೊಟ್ಟ 24 ಲಕ್ಷವನ್ನಲ್ಲ. ಈ ಎಲ್ಲ ಕಾಗದಗಳನ್ನು ಕಣ್ಣಾರೆ ಕಂಡು, ಸಾರಿಗೆ ಕಚೇರಿಯಲ್ಲಿ ವಿಚಾರಿಸುವ ಮೊದಲು ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ನೀರಿನ ಸಂಗತಿಯೂ ಇದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಳ್ಳಂದೂರು, ಯಮಲೂರಿನ ಕಡೆ ಬಂಗಲೆಗಳ ಅಂಗಳದಲ್ಲೇ ಭಾರಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತವು. ಹೀಗೆ ಮುಳುಗಿದ ಕಾರುಗಳಲ್ಲಿ ಕೆಲವು ತೊಳೆಸಿಕೊಂಡು, ಸುಗಂಧ ಪೂಸಿಕೊಂಡು ಮತ್ತೆ ಪೇಟೆಗೆ ಬರುತ್ತವೆ. ಇದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆಯೇನೂ ಬೇಡ. ಸೀಟಿನ ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆಯಿದ್ದರೆ ಅದು ತಾನೇ ಹೇಳುತ್ತದೆ. ಡಿಕ್ಕಿಯ ತಳದಲ್ಲಿ ಬೆರಳಾಡಿಸಿ. ನಯವಾದ ಮಣ್ಣು ಸಿಕ್ಕೀತು. ಕಾಲಡಿಯ ಹಾಸನ್ನು ಎತ್ತಿ ಮೂಸಿ. ಮಾರುವವರು ಇದಕ್ಕೆಲ್ಲ ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಇಷ್ಟೆಲ್ಲ ಹೇಳಿದ ಮೇಲೆ, ಯಾರೂ ಇದನ್ನು ಕೊಳ್ಳಲೇಬಾರದೆಂಬ ಅರ್ಥವೇ ಎಂದು ಓದುಗರು ಕೇಳಬಹುದು. ಹಾಗಲ್ಲ. ದಿನದ ಓಡಾಟಕ್ಕೆ ಬೇರೊಂದು ಸಾಧಾರಣ ಕಾರಿರುವವರು, ಕೊಂಡ ಬೆಲೆಯ ಅರ್ಧದಷ್ಟು ಹಣವನ್ನು ಇದರ ಆರೈಕೆಗೆಂದೇ ಬೇರೆ ತೆಗೆದಿಡಬಲ್ಲವರು, ಆ ಹಣ ಹೋದರೂ ಮನೆಯಲ್ಲಿ ಯಾರ ಊಟಕ್ಕೂ ಓದಿಗೂ ಕೊರತೆ ಬಾರದೆಂಬ ಸ್ಥಿತಿಯವರು ಧಾರಾಳವಾಗಿ ಕೊಳ್ಳಲಿ. ಬೇರಿಂಗು ಬದಲಾಯಿಸಿದ ರಸೀದಿ ಇರುವ ಗಾಡಿಯನ್ನು ಹುಡುಕಲಿ. ರಸೀದಿ ಇಲ್ಲದಿದ್ದರೆ ಎಂಜಿನಿನ ಎಣ್ಣೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಿ. ಎಣ್ಣೆಯಲ್ಲಿ ಸೀಸ, ತಾಮ್ರಗಳ ಅಂಶ ಹೆಚ್ಚಾಗಿ ಕಂಡರೆ ಒಳಗೆ ಚಿಪ್ಪುಗಳು ಸವೆಯುತ್ತಿವೆ ಎಂದು ತಿಳಿಯುತ್ತದೆ. ಭಾನುವಾರದ ಮುಂಜಾನೆ ನಂದಿ ಬೆಟ್ಟದ ಕಡೆಗೊಮ್ಮೆ ಹೋಗಿಬಂದರೆ ಕೊಟ್ಟ ದುಡ್ಡು ದಕ್ಕಿತೆಂದು ಭಾವಿಸುವ ರಸಿಕರಿಗೆ ಇದು ತಕ್ಕ ವಸ್ತು.

ನಮ್ಮ ಮಿತ್ರರ ಸ್ಥಿತಿ ಬೇರೆ. ಇರುವುದು 32 ಲಕ್ಷ. 24 ಹೋದರೆ ಉಳಿಯುವುದು ಎಂಟು. ತೆರಿಗೆ, ವಿಮೆ, ಹೊಸ ಟೈರುಗಳಿಗೆ ಅದರಲ್ಲೊಂದು ಪಾಲು ಮೊದಲ ತಿಂಗಳಲ್ಲೇ ಹೋಗುತ್ತದೆ. ಬೇರಿಂಗಿನ ಕೆಲಸ ಎದುರಿಗೇ ನಿಂತಿದೆ. ಮನೆಯಲ್ಲಿ ಬೇರೆ ಕಾರಿಲ್ಲ, ಈಗಿರುವುದನ್ನು ಮಾರಿಬಿಡುವ ಯೋಚನೆಯಿದೆ. ಮಗಳು ಇನ್ನೆರಡು ವರ್ಷಕ್ಕೆ ಕಾಲೇಜು ಸೇರುತ್ತಾಳೆ. ಕಾಗದದ ನಡುವೆ ಇನ್ನೊಂದು ಮಾತನ್ನು ಅವರು ಬಹಳ ಹಗುರವಾಗಿ ಬರೆದಿದ್ದಾರೆ: "ಮನೆಯವಳನ್ನು ಕೇಳಿದೆ. ನಿಮಗೆ ತಿಳಿದಂತೆ ಮಾಡಿ ಎಂದಳು." ಸ್ವಾಮಿ, ಈ ಮಾತನ್ನು ತಾವು ಒಪ್ಪಿಗೆಯೆಂದು ತಿಳಿದಿರುವಂತಿದೆ. ಸಂಸಾರ ಮಾಡಿದ ಯಾರನ್ನಾದರೂ ಕೇಳಿ ನೋಡಿ. ತೋಟ ಮಾರಿದ ದಿನ ಆಕೆ ಏನೆಂದರು, ಆ ಹಣದ ಬಗ್ಗೆ ಮನಸ್ಸಿನಲ್ಲಿ ಏನಿದೆ ಎಂಬುದನ್ನು, ಕಾರಿನ ಸುದ್ದಿ ಎತ್ತದೆ, ಇನ್ನೊಮ್ಮೆ ಕೇಳುವುದು ಲೇಸು.

ಆದುದರಿಂದ ನನ್ನ ಉತ್ತರ: ಈ ಹಣದಲ್ಲಿ, ಈ ಕಾರನ್ನು, ಈಗ ಬೇಡ. ಅಡಕೆ ತೋಟ ಫಸಲು ಕೊಡುವ ಆಸ್ತಿ. ಅದನ್ನು ಮಾರಿ ಬಂದ ಹಣ ದಿನದಿನವೂ ತಿನ್ನುವ ವಸ್ತುವಾಗಿ ಮಾರ್ಪಡುವುದನ್ನು ನೋಡಿಕೊಂಡು ತಾವೇ ಸುಖವಾಗಿ ನಿದ್ರೆ ಮಾಡಲಾರಿರಿ. ಇನ್ನೊಂದನ್ನೂ ಯೋಚಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. ಮೀರಿದರೆ ಕ್ಯಾಮೆರಾ ನೋಡುತ್ತದೆ, ದಂಡದ ಚೀಟಿ ಮನೆಗೆ ಬರುತ್ತದೆ. ಈ ಕಾರಿನಲ್ಲಿ ಏಳು ಗೇರುಗಳು. ಎರಡನೆಯದರಲ್ಲೇ ಅದು ನೂರನ್ನು ದಾಟುತ್ತದೆ. ಅದರ ವೇಗವನ್ನು ನಿಜವಾಗಿ ಅನುಭವಿಸಬೇಕೆಂದರೆ ಒಳ್ಳೆಯ ಪಂದ್ಯದ ಮಾರ್ಗವೊಂದೇ ಗತಿ.

ಆಸೆಯನ್ನು ಪೂರ್ತಿ ಹೂಳಲಾಗದಿದ್ದರೆ ಒಂದು ನಡುದಾರಿಯುಂಟು. ಅದೇ ಮೈಕಟ್ಟಿನ ಕಾರು, ಮೂರು ಲೀಟರಿನ ಆರು ಸಿಲಿಂಡರ್ ಎಂಜಿನು, ಸಾಧಾರಣ ಆಟೊಮ್ಯಾಟಿಕ್ ಗೇರು: 530 ಎಂಬ ಹೆಸರಿನಲ್ಲಿ ಬಂದಿತ್ತು. ಬೆಲೆಯೂ ಕಡಮೆ, ಕಾಯಿಲೆಯೂ ಕಡಮೆ. ಅದು ಎಂ5 ಅಲ್ಲ. ಅಲ್ಲವೆಂಬುದು ಚಾಲೂ ಮಾಡಿದ ಕೂಡಲೇ ಕಿವಿಗೆ ತಿಳಿಯುತ್ತದೆ. ಹಾಗಿದ್ದೂ ಆ ಸೀಟಿನಲ್ಲಿ ಕುಳಿತು ಸಾಗರದವರೆಗೆ ಹೋಗಿಬರುವುದು ಅಲ್ಪ ಸುಖವೇನಲ್ಲ.

ಮಾರುವವರು ಈ ಭಾನುವಾರದೊಳಗೆ ಮುಂಗಡ ಕೊಡಬೇಕೆಂದೂ, ಇಲ್ಲವಾದರೆ ಹೈದರಾಬಾದಿನವರೊಬ್ಬರು ಬಂದು ಒಯ್ಯುತ್ತಾರೆಂದೂ ಹೇಳಿದ್ದಾರಂತೆ. ಭಾನುವಾರ ಕಳೆಯಲಿ. ಸೋಮವಾರ ಬೆಳಗ್ಗೆ ಆ ಬೀದಿಯಲ್ಲಿ ಒಮ್ಮೆ ಹಾದು ಹೋಗಿ, ಕಾರು ಅಲ್ಲಿ ಇದೆಯೋ ಇಲ್ಲವೋ ನೋಡಿ ನನಗೊಂದು ಕಾರ್ಡು ಹಾಕಿ.