ಬೈಕಿಗೆ ಕಬ್ಬಿಣದ ಬೇಲಿ, ಪಾದಕ್ಕೆ ಕ್ಯಾನ್ವಾಸು



ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಬೈಕೇರಿ ಲಡಾಖಿನ ದಾರಿ ಹಿಡಿಯುತ್ತಾರೆ. ಹೊರಡುವ ಮುನ್ನ ಬೈಕಿನೊಡನೆ ನಿಂತು ತೆಗೆಸಿಕೊಂಡ ಚಿತ್ರವನ್ನು ಈ ಮುದುಕನಿಗೂ ಕಳುಹಿಸುವ ಸೌಜನ್ಯ ಅವರಿಗಿದೆ. ಆ ಚಿತ್ರಗಳನ್ನು ನಾನು ಉತ್ತರಪತ್ರಿಕೆ ತಿದ್ದುವವನಂತೆ ಮೇಲಿನಿಂದ ಕೆಳಕ್ಕೆ ನೋಡುತ್ತೇನೆ. ತಲೆಗೆ ಬೆಲೆಬಾಳುವ ಹೆಲ್ಮೆಟ್ಟು, ಮೈಗೆ ಭುಜ, ಮೊಣಕೈ, ಬೆನ್ನುಗಳಲ್ಲಿ ರಕ್ಷಾಫಲಕಗಳಿರುವ ಜಾಕೆಟ್ಟು, ಕೈಗೆ ಗವಸು. ಬೈಕಿಗಂತೂ ಎಂಜಿನ್ನಿನ ಸುತ್ತ ಕಬ್ಬಿಣದ ಕ್ರ್ಯಾಶ್ ಗಾರ್ಡು, ಅಡಿಯಲ್ಲಿ ಲೋಹದ ತಟ್ಟೆ, ಹಿಂಬದಿಯಲ್ಲಿ ಎರಡು ಅಲ್ಯೂಮಿನಿಯಂ ಪೆಟ್ಟಿಗೆಗಳು. ಇಷ್ಟೆಲ್ಲವನ್ನೂ ದಾಟಿ ಕಣ್ಣು ಕೆಳಗಿಳಿದರೆ ಅಲ್ಲಿ ಬೆಳಗಿನ ವಾಯುವಿಹಾರಕ್ಕೆ ತೊಡುವ ಕ್ಯಾನ್ವಾಸು ಬೂಟು! ಪೂರ್ಣಾಂಕ ಕೊಡಬೇಕೆಂದಿದ್ದ ಮೇಷ್ಟ್ರ ಕೈ ಅಲ್ಲಿಗೆ ನಿಂತುಬಿಡುತ್ತದೆ.

ಕಾನೂನು ಈ ವಿಷಯದಲ್ಲಿ ನಮ್ಮ ನೆರವಿಗೆ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ತಲೆಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದೆ. ಹೆಲ್ಮೆಟ್ಟು ಹೇಗಿರಬೇಕೆಂಬುದಕ್ಕೆ ಐ.ಎಸ್. 4151 ಎಂಬ ಮಾನದಂಡವೂ ಉಂಟು. ಕಾಲಿನ ಸಂಗತಿ ಹಾಗಲ್ಲ. 2019ರಲ್ಲಿ ದಂಡಗಳು ಏರಿದಾಗ ಚಪ್ಪಲಿ ಮೆಟ್ಟಿ ಬೈಕು ಓಡಿಸಿದರೂ ದಂಡವಂತೆ ಎಂಬ ಗಾಳಿಸುದ್ದಿ ಹಬ್ಬಿ, ಅಂಥ ನಿಯಮವಿಲ್ಲವೆಂದು ಕೇಂದ್ರ ಸಚಿವರ ಕಚೇರಿಯೇ ಸ್ಪಷ್ಟಪಡಿಸಬೇಕಾಯಿತು. ಆದ್ದರಿಂದ ಕಾಲಿಗೆ ಏನು ತೊಡಬೇಕೆಂಬುದು ಸವಾರನ ವಿವೇಕಕ್ಕೇ ಬಿಟ್ಟ ವಿಚಾರ.

ಈಚೆಗೆ ನನ್ನ ತಂಗಿಯ ಮಗ ಸ್ಪಿತಿ ಕಣಿವೆಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಈ ಮಾತು ಬಂದಿತು. "ಅಂಗಡಿಯಲ್ಲಿ ರೈಡಿಂಗ್ ಬೂಟು ಹಾಕಿ ನೋಡಿದೆ ಮಾವ, ಕಾಲಿಗೆ ಹಲಗೆ ಕಟ್ಟಿಕೊಂಡ ಹಾಗಾಯಿತು. ಟ್ರೆಕ್ಕಿಂಗ್ ಬೂಟೇ ಹಿತವಾಗಿದೆ, ಅದೂ ಗಟ್ಟಿಯದೇ ಅಲ್ಲವೇ?" ಎಂದ. ಅವನಿಗೆ ಕೊಟ್ಟ ಉತ್ತರವನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಎರಡು ನಿಮಿಷದ ಹಿತವೇ ಬೇರೆ, ಬೈಕಿನ ಮೇಲಿನ ಹತ್ತು ಗಂಟೆಯ ಹಿತವೇ ಬೇರೆ. ಈ ಎರಡನೆಯ ಹಿತವೂ ರಕ್ಷಣೆಯೂ ಬಹುಮಟ್ಟಿಗೆ ಒಂದೇ ಗುಣದಿಂದ ಹುಟ್ಟುತ್ತವೆಂಬುದು ನನ್ನ ವಾದ.

ಮೊದಲು ಬೀಳುವ ಬಗೆಯನ್ನು ನೋಡೋಣ. ಕಚ್ಚಾದಾರಿಯ ಪ್ರಯಾಣದಲ್ಲಿ ಹೆಚ್ಚಿನ ಪತನಗಳು ನಡೆಯುವುದು ಅತಿ ನಿಧಾನದ ವೇಗದಲ್ಲಿ: ಮರಳಿನಲ್ಲಿ, ಕೆಸರಿನಲ್ಲಿ, ತೊರೆಯ ಉರುಟುಗಲ್ಲುಗಳ ಮೇಲೆ. ಬೈಕು ವಾಲುತ್ತದೆ, ಸವಾರ ಅರಿವಿಲ್ಲದೆಯೇ ಕಾಲನ್ನು ನೆಲಕ್ಕೂರುತ್ತಾನೆ. ರಾಯಲ್ ಎನ್‌ಫೀಲ್ಡಿನವರು 2023ರಲ್ಲಿ ತಂದ ಹಿಮಾಲಯನ್ 450 ಬೈಕಿನ ತೂಕ 196 ಕಿಲೋ. ಪೆಟ್ಟಿಗೆ, ಸಾಮಾನು ಸೇರಿದರೆ ಇನ್ನೂರನ್ನು ಸುಲಭವಾಗಿ ದಾಟುತ್ತದೆ. ಅದರಡಿಯಲ್ಲಿ ಸಿಕ್ಕುವ ಪಾದವಾದರೋ ಇಪ್ಪತ್ತಾರು ಸಣ್ಣ ಮೂಳೆಗಳ ಜೋಡಣೆ. ಇನ್ನೊಂದು ಬಗೆ ಇದಕ್ಕಿಂತ ಕ್ರೂರವಾದುದು. ಊರಿದ ಕಾಲು ನೆಲದಲ್ಲಿ ನಿಂತಿರುತ್ತದೆ, ಬೈಕು ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಹಿಂದಿನಿಂದ ಬರುವ ಲೋಹದ ಪೆಟ್ಟಿಗೆ ಮೀನಖಂಡಕ್ಕೆ ಬಡಿದು ಕಾಲನ್ನು ತನ್ನಡಿಗೆ ಎಳೆದುಕೊಳ್ಳುತ್ತದೆ. ಪಾದ ಒಂದು ದಿಕ್ಕಿಗೆ, ಕಾಲು ಇನ್ನೊಂದು ದಿಕ್ಕಿಗೆ. ತಿರುಚುವ ಬಲವೆಲ್ಲ ಹರಡಿನ ಮೇಲೆ, ಅಂದರೆ ಪಾದವೂ ಕಾಲೂ ಕೂಡುವ ಗಂಟಿನ ಮೇಲೆ.

ನನ್ನ ವಿದ್ಯಾರ್ಥಿಯೊಬ್ಬನಿಗೆ ಆದದ್ದು ಇದೇ. ಹೆಸರು ಬೇಡ, ಓದುವವರಲ್ಲಿ ಅವನ ಸಹಪಾಠಿಗಳು ಬಲ್ಲರು. ಕಾಫಿ ತೋಟ ನೋಡಿಕೊಳ್ಳುವವನು, ದಿನಕ್ಕೆ ಹತ್ತು ಸಲ ಇಳಿಜಾರು ಹತ್ತಿಳಿಯಬೇಕಾದವನು. ತೊರೆ ದಾಟುವಾಗ ನಡಿಗೆಯ ವೇಗದಲ್ಲಿ ಬಿದ್ದ. ಹೆಲ್ಮೆಟ್ಟಿಗೆ ಗೀರಿಲ್ಲ, ಜಾಕೆಟ್ಟಿಗೆ ಮಣ್ಣಿಲ್ಲ, ಹರಡಿನಲ್ಲಿ ಎರಡು ಕಡೆ ಮೂಳೆ ಮುರಿದಿತ್ತು. ತಟ್ಟೆ, ತಿರುಪುಗಳನ್ನು ಕೂರಿಸಿ ಹೊಲಿದರು. ಇಂದಿಗೂ ಮಳೆಗಾಲದಲ್ಲಿ ಅವನು ಕೋಲು ಹಿಡಿದೇ ತೋಟಕ್ಕಿಳಿಯುತ್ತಾನೆ. ಅವನು ತೊಟ್ಟಿದ್ದುದು ಚಪ್ಪಲಿಯಲ್ಲ, ದುಬಾರಿಯಾದ ಟ್ರೆಕ್ಕಿಂಗ್ ಬೂಟು.

ಟ್ರೆಕ್ಕಿಂಗ್ ಬೂಟನ್ನು ನಾನು ಹೀಗಳೆಯುತ್ತಿಲ್ಲ. ಅದು ನಡೆಯುವವನಿಗಾಗಿ ಹುಟ್ಟಿದ್ದು. ನಡೆಯುವವನ ಪಾದ ಬಾಗಬೇಕು, ನೆಲದ ಏರುತಗ್ಗುಗಳಿಗೆ ಹೊಂದಿಕೊಳ್ಳಬೇಕು. ಬೈಕಿನ ಬೂಟು ಬಾಗಬೇಕಾದುದು ಒಂದೇ ದಿಕ್ಕಿಗೆ, ಮುಂದಕ್ಕೂ ಹಿಂದಕ್ಕೂ. ಪಕ್ಕಕ್ಕೆ ಬಾಗಬಾರದು, ತಿರುಚಬಾರದು. ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಹಿಮ್ಮಡಿಯನ್ನೂ ಇನ್ನೊಂದರಲ್ಲಿ ತುದಿಯನ್ನೂ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಹಿಂಡಿಕೊಂಡರೆ ಅಲ್ಲಿಯೇ ಇಟ್ಟುಬಿಡಿ. ಆಮೇಲೆ ಅಟ್ಟೆಯ ಅತಿ ಅಗಲವಾದ ಭಾಗವನ್ನು ಎರಡೂ ಬದಿಯಿಂದ ಅಮುಕಿ. ಮಡಚಿಕೊಳ್ಳುವ ಬೂಟು ಬೈಕಿನ ಭಾರವನ್ನು ತಾಳದು. ಕೊನೆಗೆ ಹರಡಿನ ಎರಡೂ ಪಕ್ಕಗಳಲ್ಲಿ ಬೆರಳಿನಿಂದ ಬಡಿಯಿರಿ. ಗಟ್ಟಿಯಾದ ಬಟ್ಟಲಿನಂಥ ಕವಚ ಒಳಪಕ್ಕದಲ್ಲಿಯೂ ಇರಬೇಕು.

ಯುರೋಪಿನಲ್ಲಿ ಇದಕ್ಕೆಂದೇ ಇ.ಎನ್. 13634 ಎಂಬ ಮಾನದಂಡವಿದೆ. ಬೂಟಿನ ಒಳಗಿನ ಚೀಟಿಯಲ್ಲಿ ಬೈಕು ಸವಾರನ ಚಿಹ್ನೆಯೂ ಅದರ ಜೊತೆಗೆ ನಾಲ್ಕು ಅಂಕಿಗಳೂ ಇರುತ್ತವೆ. ಅವು ಕ್ರಮವಾಗಿ ಬೂಟಿನ ಎತ್ತರ, ರಸ್ತೆಯ ಉಜ್ಜಾಟಕ್ಕೆ ತಾಳಿಕೆ, ಕೊಯ್ತಕ್ಕೆ ತಾಳಿಕೆ ಮತ್ತು ಅಡ್ಡಲಾಗಿ ಅಮುಕಿದಾಗಿನ ಗಡಸುತನ ಇವುಗಳ ಮಟ್ಟಗಳು. 1 ಎಂದರೆ ತೇರ್ಗಡೆ, 2 ಎಂದರೆ ಮೇಲ್ದರ್ಜೆ. ಕಚ್ಚಾದಾರಿಗೆ ಹೋಗುವವರು ನಾಲ್ಕನೆಯ ಅಂಕಿಯನ್ನು ವಿಶೇಷವಾಗಿ ನೋಡಬೇಕು. ಬಹಳ ಮಂದಿ ಗಮನಿಸದ ಸಂಗತಿ ಇನ್ನೊಂದಿದೆ: ಹರಡಿನ ರಕ್ಷಣೆಯ ಪರೀಕ್ಷೆ ಈ ನಾಲ್ಕರಲ್ಲಿ ಸೇರಿಲ್ಲ, ಅದು ಐಚ್ಛಿಕ. ಆ ಪರೀಕ್ಷೆಯಲ್ಲಿ ಗೆದ್ದಿದ್ದರೆ ಐ.ಪಿ.ಎ. ಎಂಬ ಅಕ್ಷರಗಳು, ಮುಂಗಾಲ ಮೂಳೆಗೂ ರಕ್ಷಣೆಯಿದ್ದರೆ ಐ.ಪಿ.ಎಸ್., ನೀರು ತಡೆದರೆ ಡಬ್ಲ್ಯು.ಆರ್. ಎಂದು ಹೆಚ್ಚುವರಿಯಾಗಿ ಅಚ್ಚಾಗಿರುತ್ತದೆ. ಸಿ.ಇ. ಮುದ್ರೆಯೊಂದನ್ನೇ ತೋರಿಸಿ ಎಲ್ಲ ರಕ್ಷಣೆಯೂ ಇದೆಯೆನ್ನುವ ಮಾರಾಟಗಾರನಿಗೆ ಐ.ಪಿ.ಎ. ಎಲ್ಲಿದೆಯೆಂದು ಕೇಳಿ.

ಇನ್ನು ಹಿತದ ಮಾತು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನಿಮ್ಮಿಂದ ಎಷ್ಟು ಸಲ ಬರೆಸಿದ್ದೇನೋ ಲೆಕ್ಕವಿಲ್ಲ. ಒರಟುದಾರಿಯಲ್ಲಿ ಸವಾರ ಬಹಳ ಹೊತ್ತು ನಿಂತೇ ಓಡಿಸುತ್ತಾನೆ. ಆಗ ಅವನ ಮೈಭಾರವೆಲ್ಲ ಕೆಲವೇ ಬೆರಳಗಲದ ಎರಡು ಲೋಹದ ಮೆಟ್ಟುಗಳ ಮೇಲೆ. ಮೃದುವಾದ ಅಟ್ಟೆಯಾದರೆ ಮೆಟ್ಟಿನ ಅಗಲದಷ್ಟೇ ಅಂಗಾಲು ಭಾರ ಹೊರುತ್ತದೆ. ಒಂದು ಗಂಟೆಯಲ್ಲಿ ಉರಿ, ಎರಡು ಗಂಟೆಯಲ್ಲಿ ಸೆಳೆತ. ನಡುವೆ ಉಕ್ಕಿನ ಪಟ್ಟಿಯಿರುವ ಗಡುಸಾದ ಅಟ್ಟೆಯಾದರೆ ಅದೇ ಭಾರ ಪಾದದ ಉದ್ದಕ್ಕೂ ಹಂಚಿಹೋಗುತ್ತದೆ. ನನ್ನ ಸೋದರಳಿಯ ದೂರಿದ 'ಹಲಗೆ' ಕಾಲನ್ನು ಮುರಿಯದಂತೆ ಕಾಯುವುದೂ ಅದನ್ನು ದಣಿಯದಂತೆ ಕಾಯುವುದೂ ಈ ಗಡಸುತನದಿಂದಲೇ.

ಹಾಗೆಂದು ಅತ್ಯಂತ ಗಡುಸಾದುದೇ ಅತ್ಯುತ್ತಮವೆನ್ನುವ ಪಂಥಕ್ಕೆ ನಾನು ಸೇರಿದವನಲ್ಲ. ಮೋಟೋಕ್ರಾಸ್ ಪಂದ್ಯದ ಬೂಟಿನಷ್ಟು ರಕ್ಷಣೆ ಬೇರಾವುದರಲ್ಲಿಯೂ ಇಲ್ಲ, ನಿಜ. ಆದರೆ ಪಂದ್ಯದವನು ಅದನ್ನು ತೊಡುವುದು ಅಲ್ಪಹೊತ್ತು. ನಮ್ಮ ಪ್ರವಾಸಿ ಅದೇ ಬೂಟಿನಲ್ಲಿ ಢಾಬಾದಲ್ಲಿ ಕುಳಿತು ಉಣ್ಣಬೇಕು, ಗೊಂಪಾದ ಮೆಟ್ಟಿಲು ಹತ್ತಬೇಕು, ಬೈಕು ಕೆಟ್ಟರೆ ಮೈಲಿಗಟ್ಟಲೆ ನಡೆಯಬೇಕು. ಮೂರನೆಯ ದಿನವೇ ಬೂಟು ಸಾಮಾನಿನ ಮೇಲೆ ಕಟ್ಟಿಸಿಕೊಂಡು ಪ್ರಯಾಣಿಸುತ್ತದೆ, ಕಾಲು ಕ್ಯಾನ್ವಾಸಿಗೆ ಮರಳುತ್ತದೆ. ಆದ್ದರಿಂದ ನಮ್ಮ ಬಹುಪಾಲು ಸವಾರರಿಗೆ ಮೀನಖಂಡದವರೆಗೆ ಬರುವ, ಬಕಲಿನಿಂದ ಬಿಗಿಯುವ, ನಡೆಯಲು ಬರುವ ಅಡ್ವೆಂಚರ್ ಬೂಟೇ ಸರಿ. ಲೇಸು ಕಟ್ಟುವ ಬೂಟಾದರೆ ಲೇಸಿನ ಕುಣಿಕೆ ಗೇರಿನ ಕಡ್ಡಿಗೆ ಸಿಕ್ಕಿಕೊಳ್ಳದಂತೆ ಮೇಲೊಂದು ಹೊದಿಕೆ ಇರಲೇಬೇಕು.

ಅಳತೆಯ ವಿಷಯದಲ್ಲಿ ನಮ್ಮ ಪಾದಗಳದ್ದೇ ಒಂದು ತಕರಾರು. ಜಗತ್ತಿನ ಪ್ರಸಿದ್ಧ ಬೈಕು ಬೂಟುಗಳಲ್ಲಿ ಹಲವು ಬರುವುದು ಇಟಲಿಯ ಮೊಂಟೆಬೆಲ್ಲೂನಾ, ಆಸೊಲೊ ಊರುಗಳ ಸುತ್ತಮುತ್ತಲಿನಿಂದ. ಬೆಟ್ಟ ಹತ್ತುವವರ ಬೂಟು ಹೊಲಿಯುತ್ತಿದ್ದ ಸೀಮೆ ಅದು. ಆಲ್ಪೈನ್‌ಸ್ಟಾರ್ಸ್ 1963ರಲ್ಲಿ ಆಸೊಲೊದಲ್ಲಿ ಹುಟ್ಟಿದ್ದೂ ಹಾಗೆಯೇ, ಹೆಸರು ಆಲ್ಪ್ಸ್ ಪರ್ವತದ ಒಂದು ಹೂವಿನದು. ಈ ಬೂಟುಗಳಲ್ಲಿ ಅನೇಕವು ಮುಂಭಾಗದಲ್ಲಿ ಕಿರಿದು. ನಾವೋ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರು. ಭಾರತದಲ್ಲಿ ಬರಿಗಾಲಲ್ಲಿ ನಡೆಯುವವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವು ಅಗಲವಾಗಿರುತ್ತವೆಂದು ಹೇಳಿತು. ನಮ್ಮ ಅಜ್ಜಿಯಂದಿರ ಪಾದ ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ. ಆದ್ದರಿಂದ ಸಂಖ್ಯೆ ನೋಡಿ ತರಿಸಿಕೊಳ್ಳುವುದಕ್ಕಿಂತ, ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ, ಪ್ರಯಾಣಕ್ಕೆ ತೊಡುವ ದಪ್ಪ ಕಾಲುಚೀಲವನ್ನೇ ತೊಟ್ಟು ಅಂಗಡಿಯಲ್ಲಿ ಹಾಕಿ ನೋಡುವುದು ಮೇಲು. ಬೆರಳುಗಳು ಆಡಬೇಕು, ಹಿಮ್ಮಡಿ ಮೇಲೇಳಬಾರದು. ಕಿರುಬೆರಳ ಬಳಿ ಒತ್ತುವ ಬೂಟು ಪಳಗಿದ ಮೇಲೆ ಸರಿಹೋದೀತೆಂಬ ಆಶ್ವಾಸನೆಯನ್ನು ನಂಬಬೇಡಿ. ಚರ್ಮ ಸ್ವಲ್ಪ ಪಳಗೀತು, ಒಳಗಿನ ಪ್ಲಾಸ್ಟಿಕ್ ಕವಚ ಪಳಗದು. ಹೆಣ್ಣುಮಕ್ಕಳು ಮೀನಖಂಡದ ಸುತ್ತಳತೆಯನ್ನೂ ನೋಡಬೇಕು, ಗಂಡಸರ ಅಳತೆಯ ಬೂಟಿನಲ್ಲಿ ಬಕಲು ಕೊನೆಯ ಹಲ್ಲಿಗೆ ಬಂದರೂ ಕಾಲು ಒಳಗೆ ಆಡುವುದುಂಟು.

(ನಮ್ಮ ಕಾಲದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕಿನಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಕಡ್ಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೆ ಅದನ್ನು ನಾವೆಲ್ಲ ಚಪ್ಪಲಿಯಲ್ಲೇ ಒದ್ದವರು. ಆಗ ನೀವು ಬೂಟು ಹಾಕುತ್ತಿದ್ದಿರಾ ಎಂದು ಕೇಳುವವರಿಗೆ ಉತ್ತರ: ನಮ್ಮ ಜಾವಾ ತೊರೆ ದಾಟಲು ಹೋದದ್ದಲ್ಲ, ಶಾಲೆಗೆ ಹೋದದ್ದು.)

ನೀರಿನ ವಿಚಾರದಲ್ಲಿ ಎಲ್ಲರಿಗೂ ಒಂದೇ ಸಲಹೆ ಹೊಂದದು. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ತೆಳ್ಳಗೆ ಹರಿಯುವ ತೊರೆ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ತುಂಬಿಬರುತ್ತದೆ, ನೀರು ಹಿಮದಷ್ಟೇ ತಣ್ಣಗೆ. ನೆನೆದ ಕಾಲಿನಲ್ಲಿ 5,359 ಮೀಟರ್ ಎತ್ತರದ ಖರ್ದುಂಗ್ ಲಾ ಏರುವುದು ಹುಡುಗಾಟವಲ್ಲ. ಅಲ್ಲಿಗೂ ಮಲೆನಾಡಿನ ಮಳೆಗೂ ನೀರು ತಡೆಯುವ ಒಳಪದರವಿರುವ ಬೂಟು ಬೇಕು. ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ಅದೇ ಬೂಟು ಕಾಲನ್ನು ಬೇಯಿಸುತ್ತದೆ. ನೀರು ಬೂಟಿನ ಬಾಯಿಯಿಂದಲೇ ಒಳಗಿಳಿದರೆ ನೀರು ತಡೆಯುವ ಬೂಟು ನೀರು ಹಿಡಿಯುವ ಕೊಡವಾಗುತ್ತದೆ. ಮಳೆಯಲ್ಲಿ ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ. ನೆನೆದ ಬೂಟನ್ನು ಒಲೆಯ ಮುಂದಿಟ್ಟರೆ ಚರ್ಮ ಸೀಳುತ್ತದೆ, ಅಂಟು ಬಿಡುತ್ತದೆ. ಹಳೆಯ ದಿನಪತ್ರಿಕೆ ತುರುಕಿ ಗಾಳಿಗಿಡಿ, ಪತ್ರಿಕೆಯನ್ನು ಎರಡು ಸಲ ಬದಲಿಸಿ.

ಹಣದ ಪ್ರಶ್ನೆ ದೊಡ್ಡದು. ಒಳ್ಳೆಯ ಜೋಡಿಗೆ ಹತ್ತು ಸಾವಿರಕ್ಕೂ ಮಿಕ್ಕಿ ಬೇಕು, ಪರದೇಶದ್ದಾದರೆ ಅದರ ಕೆಲವು ಪಟ್ಟು. ಈಗ ಭಾರತದ ಕಂಪನಿಗಳೂ ಇಂಥ ಬೂಟು ತಯಾರಿಸುತ್ತಿವೆ. ಕಾರ್ಖಾನೆಯ ಕೆಲಸದ ಬೂಟು ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದರ ಉಕ್ಕಿನ ತುದಿ ಬೆರಳುಗಳನ್ನು ಕಾಯುತ್ತದೆ, ಹರಡನ್ನು ಕಾಯದು. ಮೇಲಾಗಿ ಉಬ್ಬಿದ ತುದಿ ಗೇರಿನ ಕಡ್ಡಿಯಡಿ ಸುಲಭವಾಗಿ ತೂರದು. ಕ್ಯಾನ್ವಾಸಿಗಿಂತ ಮೇಲು, ಅಷ್ಟೇ. ಹಣ ಸಾಲದಿದ್ದರೆ ಪೆಟ್ಟಿಗೆಗಳನ್ನು ಮುಂದಿನ ವರ್ಷಕ್ಕೆ ಬಿಡಿ, ಸದ್ದು ಮಾಡುವ ಸೈಲೆನ್ಸರನ್ನು ಎಂದೆಂದಿಗೂ ಬಿಡಿ. ಗೆಳೆಯನ ಹಳೆಯ ಬೂಟನ್ನು ಎರವಲು ತರುವವರು ಅಟ್ಟೆಯನ್ನು ಬಾಗಿಸಿ ನೋಡಿ. ಬಹುಕಾಲ ಅಟ್ಟದ ಮೇಲಿದ್ದ ಬೂಟಿನಲ್ಲಿ ಪಾಲಿಯುರಿಥೇನಿನ ಪದರ ತೇವಾಂಶಕ್ಕೆ ಶಿಥಿಲವಾಗಿ, ಹೊರಗೆ ಹೊಸದರಂತೆ ಕಂಡರೂ ದಾರಿಯಲ್ಲಿ ರಸ್ಕಿನಂತೆ ಉದುರುತ್ತದೆ.

ಕೊಂಡವರು ಹೊರಡುವ ದಿನವೇ ಅದನ್ನು ಮೊದಲ ಬಾರಿ ತೊಡಬೇಡಿ. ಹದಿನೈದು ದಿನ ಮೊದಲೇ ತೊಟ್ಟು ಊರೊಳಗೆ ಓಡಾಡಿ. ದಪ್ಪ ಬೂಟಿನಲ್ಲಿ ಎಡಪಾದಕ್ಕೆ ಗೇರು, ಬಲಪಾದಕ್ಕೆ ಬ್ರೇಕು ಮೊದಮೊದಲು ತಿಳಿಯುವುದೇ ಇಲ್ಲ. ಗೇರಿನ ಕಡ್ಡಿಯನ್ನು ತುಸು ಮೇಲಕ್ಕೆ, ಬ್ರೇಕಿನ ಪೆಡಲನ್ನು ಬೂಟಿಗೆ ತಕ್ಕಂತೆ ಹೊಂದಿಸಿಕೊಡಲು ಮೆಕ್ಯಾನಿಕ್ಕಿಗೆ ಹತ್ತು ನಿಮಿಷ ಸಾಕು. ಬೂಟು ತೊಟ್ಟುಕೊಂಡೇ ಅವನಲ್ಲಿಗೆ ಹೋಗಿ.