ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ: ಆಟಿಸಂ ಇರುವ ವಯಸ್ಕರ ಪರವಾಗಿ ಮಹಾಜನರಲ್ಲಿ ಒಂದು ಬಿನ್ನಹ



ಪ್ರತಿವರ್ಷವೂ ಏಪ್ರಿಲ್ 2ರಂದು ಆಟಿಸಂ ಕುರಿತು ಸಭೆಗಳು ನಡೆಯುತ್ತವೆ, ಭಾಷಣಗಳಾಗುತ್ತವೆ, ಕಟ್ಟಡಗಳ ಮೇಲೆ ನೀಲಿ ದೀಪಗಳು ಬೆಳಗುತ್ತವೆ. ಆದರೆ ಆ ಸಭೆಗಳ ಫಲಕಗಳಲ್ಲಿ ಕಾಣುವ ಮುಖಗಳು ಬಹುಮಟ್ಟಿಗೆ ಮಕ್ಕಳವು. ಆ ಮಕ್ಕಳು ಬೆಳೆದು ಮೂವತ್ತು ನಲವತ್ತರ ಪ್ರಾಯದವರಾಗಿ, ಬಾಡಿಗೆ ಕಟ್ಟುತ್ತ, ಬಸ್ಸಿಗೆ ಕಾಯುತ್ತ, ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತ ನಿಮ್ಮ ನಡುವೆಯೇ ಇದ್ದಾರೆಂಬುದೂ, ಬಾಲ್ಯದಲ್ಲಿ ಯಾವ ವೈದ್ಯರ ಗಮನಕ್ಕೂ ಬಾರದೆ ‘ಮುಂಗೋಪಿ’, ‘ಲೋಕಜ್ಞಾನವಿಲ್ಲದವ’ ಎಂಬ ಬಿರುದುಗಳನ್ನೇ ಹೊತ್ತು ಬದುಕಿದವರು ಇವರಲ್ಲಿ ಅನೇಕರೆಂಬುದೂ ಆ ಸಭೆಗಳಿಗೆ ನೆನಪಾಗುವುದು ಅಪೂರ್ವ. ಅಂಥವರಲ್ಲಿ ಒಬ್ಬನಾದ ನಾನು ಬೇಡುವ ಸೌಕರ್ಯ ಒಂದೇ: ನಮಗೆ ಹೇಳಬೇಕಾದ್ದನ್ನು ಮುಂಚಿತವಾಗಿ, ಒಳಾರ್ಥವಿಲ್ಲದ ಮಾತಿನಲ್ಲಿ, ಆದಷ್ಟೂ ಬರಹದಲ್ಲಿ ತಿಳಿಸಿರಿ.

ಲೋಕವ್ಯವಹಾರದಲ್ಲಿ ಆಡಿದ ಮಾತಿಗಿಂತ ಆಡದೆ ಉಳಿಸಿದ ಮಾತೇ ಹೆಚ್ಚು. ಕಚೇರಿಯ ಗುಮಾಸ್ತರು ‘ನಾಳೆ ಬನ್ನಿ’ ಎಂದಾಗ, ಸಾಹೇಬರು ಈ ವಾರವೆಲ್ಲ ಇಲ್ಲವೆಂದೋ, ಸದ್ಯಕ್ಕೆ ಇಲ್ಲಿಂದ ಹೊರಡಿರೆಂದೋ ಅದರ ತಾತ್ಪರ್ಯವಿರಬಹುದೆಂದು ಇತರರು ದನಿಯಿಂದಲೇ ಗ್ರಹಿಸಿಕೊಳ್ಳುತ್ತಾರೆ. ನಾವಾದರೋ ಮಾರನೆಯ ದಿನ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿ ನಿಂತಿರುತ್ತೇವೆ. ಮನೆಯ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟರೆ ದೆವ್ವವು ಅದನ್ನು ಓದಿ ಹಿಂದಿರುಗುವುದೆಂದು ನಮ್ಮ ಜನ ನಂಬಿದ್ದುಂಟು. ಬರೆದದ್ದನ್ನು ಬರೆದಂತೆಯೇ ನಂಬಿ ದಿನದಿನವೂ ಬಂದು ಹೋಗುತ್ತಿದ್ದ ಆ ಬಡಪಾಯಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಬಂಧುಪ್ರೀತಿ. ಮೇಲಧಿಕಾರಿಗಳು ‘ಬಿಡುವಾದಾಗ ಇದನ್ನಷ್ಟು ನೋಡಿ’ ಎಂದು ಕಡತವೊಂದನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ. ಬಿಡುವಾಗದ ಕಾರಣ ನಾವು ನೋಡಿರುವುದಿಲ್ಲ. ಸಂಜೆಯ ವೇಳೆಗೆ ಅದು ಉದ್ಧಟತನವೆನಿಸುತ್ತದೆ. ‘ಮಂಗಳವಾರ ಮೂರು ಗಂಟೆಯೊಳಗೆ’ ಎಂದು ಒಂದು ಚೀಟಿಯಿಟ್ಟಿದ್ದರೆ ಕೆಲಸವು ಎರಡಕ್ಕೇ ಮುಗಿದು, ಹಿಂದಿನವರು ಬಿಟ್ಟುಹೋದ ತಪ್ಪುಗಳೂ ಜೊತೆಯಲ್ಲಿ ಹೊರಬೀಳುತ್ತಿದ್ದವು.

ಮದುವೆಯ ಮನೆಯ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಗಟ್ಟಿಮೇಳದ ಅಬ್ಬರ, ಧ್ವನಿವರ್ಧಕದ ಕಿರುಚು, ವಿಡಿಯೋದವರ ಕಣ್ಣು ಕುಕ್ಕುವ ದೀಪ, ಮಲ್ಲಿಗೆಯ ಕಂಪಿನೊಡನೆ ಬೆರೆತು ಬರುವ ಒಗ್ಗರಣೆಯ ಘಾಟು, ಹೊಸ ಅಂಗಿಯ ಕೊರಳಿನಲ್ಲಿ ಚುಚ್ಚುವ ಚೀಟಿ, ಇವಿಷ್ಟರ ನಡುವೆ ಬೆನ್ನ ಮೇಲೆ ಥಟ್ಟನೆ ಕೈಯಿಟ್ಟು ‘ಯಾಕೋ ಮೂಲೇಲಿ ನಿಂತಿದೀಯ, ಬಾ ಫೋಟೋಗೆ’ ಎನ್ನುವ ಸೋದರಮಾವ: ಇತರರ ಮನಸ್ಸು ಇವುಗಳಲ್ಲಿ ಬೇಕಾದ್ದನ್ನು ಹಿಡಿದು ಬೇಡವಾದ್ದನ್ನು ತಾನಾಗಿ ಬದಿಗೆ ಸರಿಸುತ್ತದೆ, ನಮ್ಮಲ್ಲಿ ಅನೇಕರಿಗೆ ಎಲ್ಲವೂ ಒಂದೇ ತೂಕದಲ್ಲಿ, ಒಂದೇ ಕ್ಷಣದಲ್ಲಿ ಬಂದೆರಗುತ್ತವೆ. ಮುಹೂರ್ತ ಎಷ್ಟು ಗಂಟೆಗೆ, ವಾಲಗದವರು ಎಲ್ಲಿ ಕೂರುವರು, ಮೊದಲ ಪಂಕ್ತಿ ಯಾವಾಗ, ಮಹಡಿಯ ಮೇಲೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೊಂದು ಇದೆಯೋ ಇಲ್ಲವೋ, ಇಷ್ಟನ್ನು ಎರಡು ದಿನ ಮೊದಲು ತಿಳಿಸಿದರೆ ನಾವು ಬರುತ್ತೇವೆ, ಅಕ್ಷತೆ ಹಾಕುತ್ತೇವೆ, ಹೋಳಿಗೆಯೂಟವನ್ನು ಸಂತೋಷದಿಂದಲೇ ಉಣ್ಣುತ್ತೇವೆ. ತಿಳಿಸದೆ ಎಳೆದೊಯ್ದರೆ ದಿನವೆಲ್ಲ ನಗುಮುಖ ಧರಿಸಿ ನಿಂತು, ಮನೆಗೆ ಬಂದ ಮೇಲೆ ಕತ್ತಲೆಕೋಣೆಯಲ್ಲಿ ಬಾಯಿಂದ ಒಂದು ಮಾತೂ ಹೊರಡದೆ ಮಲಗುತ್ತೇವೆ. ಆಗ ನೆಂಟರು ಆಡುವ ಮಾತು: ‘ನಿನ್ನೆ ಚೆನ್ನಾಗಿಯೇ ಇದ್ದನಲ್ಲ!’

ಗಲಾಟೆ ಯಾರಿಗೆ ತಾನೆ ಹಿತ, ಎಲ್ಲರೂ ಸೈರಿಸಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪವನ್ನು ಬಲ್ಲೆ. ಮದುವೆಯ ಮಾರನೆಯ ದಿನ ಆಕ್ಷೇಪಿಸಿದವರು ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ, ನಾವು ರಜೆ ಹಾಕುತ್ತೇವೆ. ಉತ್ತರಕ್ಕೆ ಇಷ್ಟೇ ಸಾಕು.

ಗುರುಹಿರಿಯರ ಮುಂದೆ ದೃಷ್ಟಿ ತಗ್ಗಿಸಿ ನಿಲ್ಲುವುದನ್ನೇ ವಿನಯವೆಂದೆಣಿಸಿದ ಈ ನಾಡಿನಲ್ಲಿ, ಇಂದು ಉದ್ಯೋಗದ ಸಂದರ್ಶನಕ್ಕೆ ಕುಳಿತ ಮಹಾಶಯರು ನಮ್ಮಲ್ಲಿ ಅನೇಕರಂತೆ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡದವನನ್ನು ಅಪ್ರಾಮಾಣಿಕನೆಂದು ಶಂಕಿಸುತ್ತಾರೆ. ಜಮಾಖರ್ಚು ಬರೆಯುವ ಕೆಲಸಕ್ಕೆ ಕಣ್ಣೋಟದ ಪರೀಕ್ಷೆ ಏತಕ್ಕೋ! ಅಂಥ ಕೆಲಸ ನಮ್ಮಂಥವರಿಂದ ಆಗದ್ದೇನಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಆಟಿಸಂ ಅನ್ನು ಲೋಕದ ಗಮನಕ್ಕೆ ತಂದರು. ಅವರಲ್ಲಿ ಮೊದಲನೆಯವರಾದ ಡೊನಾಲ್ಡ್ ಟ್ರಿಪ್ಲೆಟ್ ಅಮೆರಿಕದ ಮಿಸಿಸಿಪ್ಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ಕಾರು ನಡೆಸಿ, ಗಾಲ್ಫ್ ಆಡಿ, ದೇಶವಿದೇಶಗಳನ್ನು ಸುತ್ತಿ, ಊರವರ ಸ್ನೇಹದಲ್ಲಿ ಬಾಳಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬ್ಯಾಂಕಿನ ಒಡೆತನದಲ್ಲಿ ಅವರ ತಾಯಿಯ ಮನೆತನಕ್ಕೆ ಪಾಲಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಮನೆತನದ ಬ್ಯಾಂಕಿಲ್ಲದವರಿಗೆ ಕಾನೂನೇ ಗತಿ.

ಆ ಕಾನೂನು ನಮ್ಮಲ್ಲಿ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಆಟಿಸಂ ಅನ್ನು ಹೆಸರಿಸಿಯೇ ಪಟ್ಟಿಯಲ್ಲಿ ಸೇರಿಸಿದೆ. ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ರ ಮೀಸಲಾತಿಯನ್ನು ವಿಧಿಸಿ, ಅದರೊಳಗಿನ ಶೇಕಡಾ 1ರಲ್ಲಿ ನಮಗೂ ಬೇರೆ ಕೆಲವರಿಗೂ ಪಾಲಿಟ್ಟಿದೆ. ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡತಕ್ಕದ್ದೆಂದು 20ನೆಯ ಪ್ರಕರಣದಲ್ಲಿ ಹೇಳಿದೆ. ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಲು ಸಿಮೆಂಟು ಬೇಕು, ಗುತ್ತಿಗೆದಾರ ಬೇಕು, ಮಂಜೂರಾತಿ ಬೇಕು. ಸಂದರ್ಶನದ ಪ್ರಶ್ನೆಗಳನ್ನು ಹಿಂದಿನ ದಿನ ಕಳಿಸಲು, ಆದೇಶವನ್ನು ಚೀಟಿಯಲ್ಲಿ ಗೀಚಿಡಲು ಇವಾವುವೂ ಬೇಕಿಲ್ಲ.

ಮಾತೇ ಬಾರದ ನಮ್ಮ ಬಂಧುಗಳ ಬಗೆಗೆ ಇನ್ನೊಂದು ಮಾತು. ಫೋನಿನ ಮೇಲೆ ಬೆರಳಿಟ್ಟು ಅಕ್ಷರ ಜೋಡಿಸಿ ಉತ್ತರ ಕೊಡಬಲ್ಲ ವಯಸ್ಕನೊಬ್ಬ ಎದುರಿಗಿರುವಾಗಲೇ ‘ಇವರಿಗೆ ಏನು ಬೇಕಂತೆ?’ ಎಂದು ಜೊತೆಗೆ ಬಂದ ಅಣ್ಣನನ್ನು ಕೇಳಬೇಡಿ. ಸ್ವತ್ತು ಹೊಂದುವ, ಹಣಕಾಸನ್ನು ತಾನೇ ನೋಡಿಕೊಳ್ಳುವ ಹಕ್ಕು ಆತನಿಗೂ ಇತರರಂತೆಯೇ ಉಂಟೆಂದು ಅದೇ ಅಧಿನಿಯಮದ 13ನೆಯ ಪ್ರಕರಣ ಸಾರುತ್ತದೆ. ಬರೆದು ತೋರಿಸಿ, ಕಾಯಿರಿ. ಉತ್ತರಕ್ಕೆ ನಿಮಿಷ ಹಿಡಿದೀತು.

ಈ ಕರಪತ್ರದ ಹಿಂಬದಿಯನ್ನು ಬೇಕೆಂದೇ ಖಾಲಿ ಬಿಡಿಸಿದ್ದೇನೆ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನಮ್ಮಲ್ಲೊಬ್ಬರು ಇದನ್ನು ತಿರುಗಿಸಿ ನಿಮ್ಮ ಮುಂದಿಟ್ಟರೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆಗೆ, ಯಾವ ಯಾವ ಕಾಗದಗಳೊಡನೆ ಬರಬೇಕೆಂಬುದನ್ನು ದಯಮಾಡಿ ಅದರ ಮೇಲೆ ಬರೆದುಕೊಡಿರಿ.